ಮಾತಿನ ಊಟಕ್ಕೂ ಪಂಕ್ತಿಭೇದ

ಹಾಡು ಹಳೆಯದು. ಕಥೆ ಸರಳ. ಪುಂಡ ಹುಡುಗನೊಬ್ಬ ಪೊಲೀಸನಿಗೆ ಗುಂಡು ಹೊಡೆದು ಓಡಿಹೋಗುತ್ತಾನೆ, ಸಿಕ್ಕಿಬೀಳುತ್ತಾನೆ. ಅಮೆರಿಕದ ‘ಕಿಂಗ್‌ಸ್ಟನ್ ಟ್ರಿಯೊ’ ಎಂಬ ಬಿಳಿಯರ ಜನಪದ ಗಾಯನ ತಂಡ 1960ರಲ್ಲಿ ಇದನ್ನು ಹಾಡಿತ್ತು. ಮೂರು ದಶಕ ಕಳೆದ ಮೇಲೆ ಕ್ಯಾರಿ ಫ್ರೈಡ್ ಎಂಬ ಮನೋವಿಜ್ಞಾನಿ ಅದರ ಸಾಲುಗಳನ್ನು ಹಾಳೆಯ ಮೇಲಿಟ್ಟು ಜನರಿಗೆ ಓದಲು ಕೊಟ್ಟರು. ಇದು ರಾಪ್ ಹಾಡು ಎಂದು ಕೆಲವರಿಗೆ ಹೇಳಿದರು, ಹಳ್ಳಿಗಾಡಿನ ‘ಕಂಟ್ರಿ’ ಹಾಡು ಎಂದು ಇನ್ನು ಕೆಲವರಿಗೆ. ಮತ್ತೊಂದು ಸುತ್ತಿನಲ್ಲಿ ಹಾಡಿದವನದೆಂದು ಒಂದು ಫೋಟೊ ತೋರಿಸಿದರು. ಕೆಲವರು ಕಂಡದ್ದು ಕಪ್ಪು ಹುಡುಗನ ಮುಖ, ಉಳಿದವರು ಕಂಡದ್ದು ಬಿಳಿ ಹುಡುಗನದು. ಸಾಲುಗಳಲ್ಲಿ ಒಂದಕ್ಷರದ ವ್ಯತ್ಯಾಸವೂ ಇರಲಿಲ್ಲ. ಆದರೂ ರಾಪ್ ಎಂದು ತಿಳಿದವರಿಗೆ, ಕಪ್ಪು ಮುಖ ನೋಡಿದವರಿಗೆ ಆ ಹಾಡು ಹೆಚ್ಚು ಅಸಹ್ಯವಾಗಿಯೂ ಹೆಚ್ಚು ಅಪಾಯಕಾರಿಯಾಗಿಯೂ ಕಂಡಿತು. 1996ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು 2016ರಲ್ಲಿ ಮತ್ತೆ ಮಾಡಿ ನೋಡಿದರು. ‘ರಾಪ್’ ಎಂಬ ಹಣೆಪಟ್ಟಿ ಆಗಲೂ ತನ್ನ ಕೆಲಸ ಮಾಡಿತ್ತು.

ನಾಡಿನ ಪತ್ರಿಕೆ, ಟಿ.ವಿ.ಗಳು ‘ಇತ್ತೀಚಿನ ಹಾಡುಗಳ ಅಶ್ಲೀಲ ಭಾಷೆ’ಯ ಬಗ್ಗೆ ತಲೆ ಕೆಡಿಸಿಕೊಂಡಾಗಲೆಲ್ಲ ಈ ಪ್ರಯೋಗವನ್ನು ನೆನೆಯಬೇಕು. ನಾವು ಹಾಡಿನ ಮಾತನ್ನು ತೂಗುತ್ತಿದ್ದೇವೆಯೋ, ಆ ಮಾತು ಹೊರಟ ಬಾಯಿಯನ್ನೋ?

ಕಟಕಟೆ ಹತ್ತಿದ ಪ್ರಾಸ

1990ರ ಜೂನ್‌ನಲ್ಲಿ ಫ್ಲೋರಿಡಾದ ಫೆಡರಲ್ ನ್ಯಾಯಾಧೀಶರೊಬ್ಬರು ‘2 ಲೈವ್ ಕ್ರೂ’ ಎಂಬ ಕಪ್ಪು ರಾಪ್ ತಂಡದ ಆಲ್ಬಮ್ಮನ್ನು ಅಶ್ಲೀಲ ಎಂದು ಘೋಷಿಸಿದರು. ಆ ದೇಶದ ಫೆಡರಲ್ ನ್ಯಾಯಾಲಯವೊಂದು ಸಂಗೀತದ ಆಲ್ಬಮ್ಮಿಗೆ ಈ ಮುದ್ರೆ ಒತ್ತಿದ್ದು ಅದೇ ಮೊದಲು. ಅದನ್ನು ಮಾರಿದ ಅಂಗಡಿಯವನನ್ನು ಪೊಲೀಸರು ಹಿಡಿದರು, ಕ್ಲಬ್ಬಿನಲ್ಲಿ ಅದೇ ಹಾಡುಗಳನ್ನು ಹಾಡಿದ್ದಕ್ಕೆ ತಂಡದವರನ್ನೂ ಹಿಡಿದರು. ಹಾಡಿನಲ್ಲಿ ಹೊಲಸು ಇರಲಿಲ್ಲ ಎಂದು ಯಾರೂ ವಾದಿಸುವಂತಿರಲಿಲ್ಲ, ಬೇಕಾದಷ್ಟಿತ್ತು. ಆದರೆ ಅದೇ ದಿನಗಳಲ್ಲಿ ಆಂಡ್ರ್ಯೂ ಡೈಸ್ ಕ್ಲೇ ಎಂಬ ಬಿಳಿಯ ಹಾಸ್ಯಗಾರ ಮಕ್ಕಳ ಪದ್ಯಗಳ ಧಾಟಿಗೆ ಹೊಲಸು ಪ್ರಾಸ ಕಟ್ಟಿ ನ್ಯೂಯಾರ್ಕಿನ ದೊಡ್ಡ ಸಭಾಂಗಣಗಳನ್ನು ತುಂಬಿಸುತ್ತಿದ್ದ. ಅವನನ್ನೂ ಟೀಕಿಸಿದವರಿದ್ದರು, ಆದರೆ ಬೇಡಿ ಹಾಕಿದವರಿರಲಿಲ್ಲ.

ತಂಡದ ಪರವಾಗಿ ಸಾಕ್ಷಿ ಹೇಳಲು ಬಂದವರು ಸಾಹಿತ್ಯ ವಿದ್ವಾಂಸ ಹೆನ್ರಿ ಲೂಯಿ ಗೇಟ್ಸ್. ಎದುರಾಳಿಯನ್ನು, ಅವನ ಮನೆಮಂದಿಯನ್ನು ಉತ್ಪ್ರೇಕ್ಷೆಯಿಂದ ಬೈದು, ಬೈಗುಳದಲ್ಲೇ ಜಾಣತನ ಮೆರೆಯುವ ಮಾತಿನ ಪಂದ್ಯ ಕಪ್ಪು ಜನರ ಹಳೆಯ ಪರಂಪರೆ. ಇಲ್ಲಿನ ಅತಿರೇಕವನ್ನು ಅಕ್ಷರಶಃ ತೆಗೆದುಕೊಳ್ಳಬಾರದು ಎಂಬುದು ಅವರ ವಿವರಣೆಯ ಸಾರ. ಜೂರಿಗಳು ಕಲಾವಿದರನ್ನು ಬಿಡುಗಡೆ ಮಾಡಿದರು. 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಆಲ್ಬಮ್ ಮೇಲಿನ ತೀರ್ಪನ್ನೂ ಅಳಿಸಿಹಾಕಿತು.

ಗೇಟ್ಸ್ ಹೇಳಿದ್ದು ಉತ್ತರ ಕರ್ನಾಟಕದವರಿಗೆ ಹೊಸದೇನಲ್ಲ. ಹರದೇಶಿ–ನಾಗೇಶಿ ಲಾವಣಿ ಕೇಳುತ್ತ ಬೆಳಗು ಹರಿಸಿದವರಿಗೆ ಇದು ಮನೆಯ ಮಾತು. ಗಂಡು ಹೆಚ್ಚೆಂದು ಹರದೇಶಿಯವರು ಡಪ್ಪು ಬಡಿದು ಸವಾಲು ಹಾಕುತ್ತಾರೆ. ಹೆಣ್ಣು ಹೆಚ್ಚೆಂದು ನಾಗೇಶಿಯವರು ಅದನ್ನು ಎತ್ತಿಕೊಂಡು ತಿರುಗಿಸಿ ಹೊಡೆಯುತ್ತಾರೆ. ಪುರಾಣ, ಒಗಟು, ಚೇಷ್ಟೆ, ಚುಚ್ಚುಮಾತು ಎಲ್ಲವೂ ಬರುತ್ತವೆ. ಇನ್ನೂ ಹಿಂದೆ ಹೋದರೆ ಶಿಗ್ಗಾಂವಿ ತಾಲ್ಲೂಕಿನ ಬಾಡದ ಕನಕದಾಸರು ಸಿಗುತ್ತಾರೆ. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಬತ್ತವೂ ರಾಗಿಯೂ ರಾಮನ ಸಭೆಯಲ್ಲಿ ನಿಂತು ಕುಲ ಎತ್ತಿ ಬೈದಾಡುತ್ತವೆ. ಉಳ್ಳವರ ಅನ್ನಕ್ಕೂ ಬಡವರ ಮುದ್ದೆಗೂ ನಡೆದ ಆ ಜಗಳವನ್ನು ಇಂದಿನ ಹುಡುಗರು ಕೇಳಿದರೆ ‘ರಾಪ್ ಬ್ಯಾಟಲ್’ ಎಂದೇ ಕರೆದಾರು.

ಹತ್ತಿಮತ್ತೂರಿನ ನಾಲಿಗೆ

ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಲ್ಲಿ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ ಶಾಸನ ಸಿಕ್ಕಿದೆ. ಎಂಟನೇ ಶತಮಾನದ ಊರು ಎಂದಾಯಿತು. ಕನ್ನಡಿಗರಿಗೆ ಈ ಊರು ಹೆಚ್ಚು ಪರಿಚಯವಾದದ್ದು ಮಾತ್ರ 1939ರಲ್ಲಿ ಇಲ್ಲಿ ಹುಟ್ಟಿದ ಚಂದ್ರಶೇಖರ ಪಾಟೀಲರಿಂದ. ಅವರು ‘ಚಂಪಾ’ ಎಂದೇ ನಾಡಿಗೆಲ್ಲ ಗೊತ್ತು. 1964ರಲ್ಲಿ ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಅವರ ಜೊತೆ ‘ಸಂಕ್ರಮಣ’ ಪತ್ರಿಕೆ ಕಟ್ಟಿದ ಚಂಪಾ, ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡರು. ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದರು, ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾದರು. 2017ರ ಮೈಸೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಿಂದ ರಾಜಕೀಯವನ್ನು ನೇರವಾಗಿ ಮಾತಾಡಿ ವಿವಾದ ಎಬ್ಬಿಸಿದರು. 2022ರ ಜನವರಿಯಲ್ಲಿ ತೀರಿಕೊಂಡರು.

ಚಂಪಾ ನಾಲಿಗೆಗೆ ಹೆದರದವರು ಕಡಿಮೆ. ಯಾರನ್ನೂ ಬಿಡದ ಗೇಲಿ, ಹೆಸರು ಹಿಡಿದೇ ಹೊಡೆಯುವ ಚಾಟಿ, ಹಾವೇರಿ–ಧಾರವಾಡದ ಆಡುಮಾತಿನ ಬಿರುಸು. ಅವರ ‘ಗೋಕರ್ಣದ ಗೌಡಶಾನಿ’, ‘ಜಗದಂಬೆಯ ಬೀದಿನಾಟಕ’ಗಳಲ್ಲಿ, ‘ಗಾಂಧೀ ಸ್ಮರಣೆ’ಯ ಪದ್ಯಗಳಲ್ಲಿ ಆ ಬಿರುಸು ಸಾಹಿತ್ಯವಾಯಿತು. ವಿಮರ್ಶಕರು ಅದಕ್ಕೆ ವ್ಯಂಗ್ಯ, ವಿಡಂಬನೆ, ಬಂಡಾಯ ಎಂದೆಲ್ಲ ಹೆಸರಿಟ್ಟರು. ಹಾಗೆ ಕರೆದದ್ದು ಸರಿಯಾಗಿಯೇ ಇತ್ತು. ಆದರೆ ಅವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದ ಪ್ರಾಧ್ಯಾಪಕರು, ಪಾಟೀಲ ಮನೆತನದವರು ಎಂಬುದನ್ನೂ ಮರೆಯಬಾರದು. ಇಂಥವರ ಒರಟು ಮಾತು ಬೇಕೆಂದೇ ಆಡಿದ್ದು, ಹಿಂದೆ ಚಿಂತನೆ ಇದೆ ಎಂದು ಓದುಗ ಮೊದಲೇ ನಂಬಿರುತ್ತಾನೆ. ಓದು ಬಾರದವನು ಅದೇ ಧಾಟಿಯಲ್ಲಿ ಮಾತಾಡಿದರೆ ‘ಬಾಯಿ ಸರಿ ಇಲ್ಲ’ ಎಂಬ ತೀರ್ಮಾನವೂ ಅಷ್ಟೇ ಮೊದಲೇ ಸಿದ್ಧವಿರುತ್ತದೆ.

ಈ ಭೇದ ಚಂಪಾ ಅವರಿಗೆ ತಿಳಿಯದ್ದೇನಲ್ಲ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಚೆನ್ನಣ್ಣ ವಾಲೀಕಾರರ ಬೇಡಿಕೆಗೆ ಮನ್ನಣೆ ಸಿಗಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು, ಚಂಪಾ ಅದರ ಮುಂಚೂಣಿಯಲ್ಲಿದ್ದರು. ಎಲ್ಲರೂ ಒಂದೇ ಚಪ್ಪರದಡಿ ಇದ್ದರೂ ಸಾಲು ಬೇರೆ, ಬಡಿಸುವುದೂ ಬೇರೆ ಎಂಬ ಪಂಕ್ತಿಭೇದ ಸಾಹಿತ್ಯದಲ್ಲೂ ಇದೆ ಎಂಬುದೇ ಆ ಸಿಟ್ಟಿನ ಮೂಲ.

ಒಂದು ಬೂಸಾ, ಒಂದು ರಾಜೀನಾಮೆ

ಕನ್ನಡದಲ್ಲಿ ಒಂದು ಮಾತಿಗೆ ತೆತ್ತ ಅತಿ ದುಬಾರಿ ಬೆಲೆ ಬಹುಶಃ 1973ರ ನವೆಂಬರ್‌ನದು. ಮೈಸೂರಿನ ಸಭೆಯೊಂದರಲ್ಲಿ, ದೇವರಾಜ ಅರಸು ಸಂಪುಟದ ದಲಿತ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂಬರ್ಥದ ಮಾತಾಡಿದರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು ಮುಂದಾದ ಮಂತ್ರಿ ಅವರು. ದನಕ್ಕೆ ಹಾಕುವ ಬೂಸಾ ಬೈಗುಳವೂ ಅಲ್ಲ, ಅಶ್ಲೀಲವೂ ಅಲ್ಲ. ರೈತರ ಮನೆಯಲ್ಲಿ ದಿನ ಬೆಳಗಾದರೆ ಆಡುವ ಮಾತು. ಆದರೂ ನಾಡು ಹೊತ್ತಿ ಉರಿಯಿತು. ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿ ರಾಜೀನಾಮೆ ಕೊಡಬೇಕಾಯಿತು.

ಬಸವಲಿಂಗಪ್ಪನವರ ಬೆಂಬಲಕ್ಕೆ ನಿಂತವರಲ್ಲಿ ಕುವೆಂಪು ದೊಡ್ಡವರು. ಕನ್ನಡದ ಹಳೆಯ ಸಾಹಿತ್ಯವನ್ನು, ಪುರೋಹಿತಶಾಹಿಯನ್ನು ಕಟುವಾಗಿ ಟೀಕಿಸಿದವರು ಬಸವಲಿಂಗಪ್ಪನವರಿಗೂ ಮುಂಚೆ ಇದ್ದರು, ಆಮೇಲೂ ಬಂದರು. ನವ್ಯದವರು ನವೋದಯದವರನ್ನು ಕುಟ್ಟಿದರು, ಬಂಡಾಯದವರು ನವ್ಯದವರನ್ನು ಕುಟ್ಟಿದರು. ಅವೆಲ್ಲ ಸಾಹಿತ್ಯ ಚರ್ಚೆಗಳಾಗಿ ಪಠ್ಯಪುಸ್ತಕ ಸೇರಿವೆ. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಮುಖ್ಯಮಂತ್ರಿ ಗುಂಡೂರಾಯರನ್ನು ‘ಗುಂ’ ಎಂದು ಗೇಲಿ ಮಾಡಿದಾಗ ಓದುಗರು ಮೆಚ್ಚಿ ತಲೆದೂಗಿದರು, ಕನ್ನಡ ಪತ್ರಿಕೋದ್ಯಮಕ್ಕೆ ಹೊಸ ಭಾಷೆ ಬಂತೆಂದರು. ದಲಿತ ಮಂತ್ರಿಯ ‘ಬೂಸಾ’ ಮಾತ್ರ ಕನ್ನಡಮ್ಮನಿಗೆ ಅವಮಾನವಾಯಿತು. ಆ ಗಾಯದಿಂದಲೇ ಮುಂದೆ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಮಾತಿನ ಶೀಲವನ್ನು ಅಳೆಯಲು ಹೊರಟವರು ತಮಗೆ ಗೊತ್ತಿಲ್ಲದೆ ಚಳವಳಿಯೊಂದಕ್ಕೆ ನೀರೆರೆದಿದ್ದರು.

ಬೂಸಾ ಗಲಾಟೆ ಕಳೆದು ಮೂವತ್ತಾರು ವರ್ಷಗಳಾದ ಮೇಲೆ, 2010ರ ಜುಲೈನಲ್ಲಿ, ಹತ್ತಿಮತ್ತೂರಿನ ತಾಲ್ಲೂಕು ಕೇಂದ್ರ ಸವಣೂರಿನಲ್ಲೇ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ವಾಸದ ಜಾಗ ಖಾಲಿ ಮಾಡಿಸುವುದರ ವಿರುದ್ಧ ಅವರ ಪ್ರತಿಭಟನೆ ಅದು. ಅದಕ್ಕೂ ಮೊದಲು ಸಭ್ಯ ಭಾಷೆಯಲ್ಲಿ ಹೇಳಿಕೊಂಡದ್ದು ಯಾವ ಮುಖಪುಟಕ್ಕೂ ಬಂದಿರಲಿಲ್ಲ. ಮೆಲ್ಲಗೆ ಹೇಳಿದರೆ ಕೇಳುವವರಿಲ್ಲ, ಕೂಗಿದರೆ ‘ಇದೆಂಥ ಭಾಷೆ’ ಎನ್ನುವವರಿದ್ದಾರೆ. ಹಿಪ್‌ಹಾಪ್ ಹುಟ್ಟಿದ ನ್ಯೂಯಾರ್ಕಿನ ಬ್ರಾಂಕ್ಸ್‌ನ ಹುಡುಗರೂ ಇದೇ ಇಕ್ಕಟ್ಟಿನಲ್ಲಿದ್ದವರು.

ಬೀದಿಯ ಜೋಕಪ್ಪ, ರಂಗದ ಜೋಕಪ್ಪ

ಭಾದ್ರಪದದಲ್ಲಿ ಗಣಪತಿ ಹೋದ ಬೆನ್ನಿಗೆ ನಮ್ಮ ಹಳ್ಳಿಗಳಿಗೆ ಜೋಕುಮಾರ ಬರುತ್ತಾನೆ. ಅಷ್ಟಮಿಗೆ ಹುಟ್ಟಿ ಹುಣ್ಣಿಮೆಯ ಹೊತ್ತಿಗೆ ಸಾಯುವ ಏಳು ದಿನದ ದೇವರು. ಅಂಬಿಗರ, ತಳವಾರರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಮಣ್ಣಿನ ಮೂರ್ತಿ ಇಟ್ಟು, ಬೇವಿನ ಸೊಪ್ಪು ಹೊದಿಸಿ, ಬಾಯಿಗೆ ಬೆಣ್ಣೆ ಮೆತ್ತಿ ಮನೆಮನೆಗೆ ತರುತ್ತಾರೆ. ಅವರು ಹಾಡುವ ಪದಗಳಲ್ಲಿ ಜೋಕಪ್ಪನ ಪೋಲಿತನಕ್ಕೆ ಮುಚ್ಚುಮರೆ ಇಲ್ಲ, ಮೂರ್ತಿಯ ಮೈಯಲ್ಲೂ ಇಲ್ಲ. ಅಂಗಳದಲ್ಲಿ ಕೂತ ಅಜ್ಜಿಯರು ಸೆರಗು ಬಾಯಿಗಿಟ್ಟು ನಗುತ್ತಾರೆ, ಮೊರದಲ್ಲಿ ಜೋಳ ತಂದು ಸುರಿಯುತ್ತಾರೆ. ಮಳೆ, ಬೆಳೆ, ಬಸಿರು ಮೂರನ್ನೂ ಒಟ್ಟಿಗೆ ಬೇಡುವ ಹಾಡು ಅದು. ಊರು ಅದನ್ನು ಅಶ್ಲೀಲ ಎನ್ನುವುದಿಲ್ಲ. ಹಾಗೆನ್ನುವವರು ಊರು ಬಿಟ್ಟು ಹೋಗಿ ಓದಿ ಬಂದವರು.

ಅದೇ ಜೋಕುಮಾರ 1972ರಲ್ಲಿ ಬೆಂಗಳೂರಿನ ರಂಗಕ್ಕೆ ಬಂದ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಬಿ.ವಿ. ಕಾರಂತರು ಆಡಿಸಿದರು, ಗಿರೀಶ ಕಾರ್ನಾಡರು ಪಾತ್ರ ಮಾಡಿದರು. ಭೂಮಿ ಉಳುವವನದೋ ಗೌಡನದೋ ಎಂಬ ಪ್ರಶ್ನೆಯನ್ನು ಹೆಣ್ಣಿನ ಹಂಬಲದ ಜೊತೆ ಹೆಣೆದ ಆ ನಾಟಕ ನಿಜಕ್ಕೂ ದೊಡ್ಡದು. ಅದರ ಮಾತಿನಲ್ಲೂ ಮೈಯ ಸುದ್ದಿ ಹೇರಳ. ಪೇಟೆಯ ಪ್ರೇಕ್ಷಕರು ಟಿಕೆಟ್ ಕೊಂಡು ಬಂದು ನಕ್ಕರು, ಪತ್ರಿಕೆಗಳು ದೇಸಿ ಸತ್ವ ಎಂದು ಕೊಂಡಾಡಿದವು. ಕಂಬಾರರಿಗೆ 2010ರ ಸಾಲಿನ ಜ್ಞಾನಪೀಠವೂ ಬಂತು. ಇದರಲ್ಲಿ ನಾಟಕಕಾರರ ತಪ್ಪಿಲ್ಲ. ಬೀದಿಯ ಮಾತಿಗೆ ಗೌರವದ ಮಣೆ ಹಾಕಿಸಿದವರು ಅವರು. ಪ್ರಶ್ನೆ ಇರುವುದು ಮಣೆ ಯಾರಿಗೆ ಸಿಕ್ಕಿತು ಎಂಬಲ್ಲಿ. ಬುಟ್ಟಿ ಹೊತ್ತ ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಅದೇ ಒಂದು ಮೊರ ಜೋಳ.

ಗೌರವವಾಚಕಗಳೂ ಈ ಕಥೆಯ ಭಾಗವೇ. ಹಾನಗಲ್ಲನ್ನು ಹೆಸರಿನಲ್ಲೇ ಹೊತ್ತು ತಿರುಗಿದ ಗಾಯಕಿ ಗಂಗೂಬಾಯಿಯವರು, ಗಂಡು ಹಾಡಿದರೆ ಪಂಡಿತ ಇಲ್ಲವೇ ಉಸ್ತಾದ, ಹೆಣ್ಣು ಎಷ್ಟು ಹಾಡಿದರೂ ಬರೀ ಬಾಯಿ ಎಂದು ನೊಂದುಕೊಂಡೇ ನಗೆಯಾಡಿದ್ದುಂಟು. ಗಂಗಾಮತಸ್ಥರ ಮನೆಯ ಆ ಹುಡುಗಿ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಹಾಡಿದ್ದಳು.

ಟ್ರ್ಯಾಕ್ಟರ್ ಮೇಲಿನ ಹಾಡು

ಈಗಿನ ಸಂಗತಿಗೆ ಬರೋಣ. ಗೋವಿನಜೋಳ ತುಂಬಿದ ಟ್ರ್ಯಾಕ್ಟರು, ಕಬ್ಬಿನ ಗಾಡಿ, ಮದುವೆಯ ಮೆರವಣಿಗೆ, ಗಣಪತಿ ವಿಸರ್ಜನೆ, ಎಲ್ಲಿ ನೋಡಿದರೂ ‘ಡಿಜೆ ಜಾನಪದ’. ಚಾಲಕರು, ಕೂಲಿಯವರು, ಕಾಲೇಜು ಬಿಟ್ಟ ಹುಡುಗರು ಬರೆದು ಹಾಡಿ ಯೂಟ್ಯೂಬಿಗೆ ಬಿಡುವ ಹಾಡುಗಳು. ಚಾಲಕನೊಬ್ಬನ ಪ್ರೇಮದ ಹಾಡಿನಿಂದ ನಾಡಿಗೆಲ್ಲ ಪರಿಚಯವಾದ ಮಾಳು ನಿಪನಾಳ 2025ರಲ್ಲಿ ಬಿಗ್‌ಬಾಸ್ ಕನ್ನಡದ ಮನೆಗೂ ಹೋಗಿಬಂದರು. ದುಡಿಯುವವರು ತಮ್ಮ ಕೆಲಸವನ್ನು, ತಮ್ಮ ಗಾಡಿಯನ್ನು, ತಮ್ಮ ಹುಡುಗಿಯನ್ನು ತಮ್ಮದೇ ಮಾತಿನಲ್ಲಿ ಹಾಡುವ ಈ ಲೋಕ ಬ್ರಾಂಕ್ಸ್‌ನ ಹಿಪ್‌ಹಾಪಿಗೆ ಬೆಂಗಳೂರಿನ ಸ್ಟುಡಿಯೊ ರಾಪಿಗಿಂತ ಹತ್ತಿರದ ನೆಂಟ.

ಈ ಹಾಡುಗಳ ಬಗ್ಗೆ ‘ಜಾನಪದಕ್ಕೆ ಮಸಿ’, ‘ಸಂಸ್ಕೃತಿ ಹಾಳು’ ಎಂಬ ಮಾತು ದಿನವೂ ಕೇಳುತ್ತೇವೆ. ಇವುಗಳಲ್ಲಿ ಕೆಲವು ಕೀಳು ಅಭಿರುಚಿಯವು ಎಂಬುದು ನಿಜ. ಆದರೆ ನಮ್ಮ ಸಿನಿಮಾದಲ್ಲಿ ದಶಕಗಳಿಂದ ಬಂದಿರುವ ಐಟಂ ಹಾಡು, ದ್ವಂದ್ವಾರ್ಥದ ಪದ್ಯಗಳನ್ನು ಪಕ್ಕದಲ್ಲಿಟ್ಟು ನೋಡಿ. ಅವು ಬಿಡುಗಡೆಯಾದಾಗ ಪುರವಣಿಗಳು ‘ಪಡ್ಡೆಗಳ ನಿದ್ದೆಗೆಡಿಸಿದ ಹಾಡು’ ಎಂದು ಬಣ್ಣದ ಚಿತ್ರದೊಂದಿಗೆ ಅಚ್ಚು ಹಾಕುತ್ತವೆ. ಸ್ಟಾರ್ ನಟ ಹೆಣ್ಣನ್ನು ಹೀಯಾಳಿಸಿದರೆ ಅದು ‘ಪಂಚಿಂಗ್ ಡೈಲಾಗ್’. ಬೆಂಗಳೂರಿನ ಗೀತರಚನೆಕಾರ ಉತ್ತರ ಕರ್ನಾಟಕದ ಮಾತು ಬಳಸಿದರೆ ‘ಮಣ್ಣಿನ ಸೊಗಡು’. ಆ ಮಣ್ಣಿನಲ್ಲೇ ಹುಟ್ಟಿದವನು ಬಳಸಿದರೆ ಅದು ‘ಹಳ್ಳಿ ಹೈದರ ಹುಚ್ಚಾಟ’.

ಸುದ್ದಿಮನೆಯ ವ್ಯಾಕರಣದಲ್ಲೂ ಇದು ಕೂತಿದೆ. ಕೋಳಿ ಕದ್ದ ಆರೋಪ ಹೊತ್ತ ಕೂಲಿಯವನನ್ನು ನಮ್ಮ ವರದಿಗಳು ‘ಈತ’, ‘ಅವನು’ ಎನ್ನುತ್ತವೆ. ಕೋಟಿಗಟ್ಟಲೆ ಅಕ್ರಮದ ಆರೋಪಿ ಶಾಸಕನಾಗಿದ್ದರೆ ‘ಅವರು’. ಇಬ್ಬರ ಮೇಲಿನ ಆರೋಪವೂ ಇನ್ನೂ ಸಾಬೀತಾಗಿರುವುದಿಲ್ಲ. ಏಕವಚನ ಬಹುವಚನಗಳಲ್ಲೇ ಮೇಲುಕೀಳು ನಿರ್ಧರಿಸುವ ಭಾಷೆಯಲ್ಲಿ ಕೂತವರು ಹಾಡಿನ ಸಭ್ಯತೆಯ ಬಗ್ಗೆ ತೀರ್ಪು ಕೊಡುವಾಗ ಸ್ವಲ್ಪ ಅಂಜಬೇಕು.

ಅಮೆರಿಕದ ಜನಾಂಗಭೇದದ ಮಾತು ನಮಗೇಕೆ ಎನ್ನುವವರಿಗೆ ಮುಂಡಗೋಡದ ಗಡಿ ದೂರವಲ್ಲ. ಶಿಗ್ಗಾಂವಿ, ಹಾನಗಲ್ಲಿನ ಪಕ್ಕದ ಆ ಕಾಡಿನ ಸೀಮೆಯಲ್ಲಿ, ಯಲ್ಲಾಪುರ, ಹಳಿಯಾಳ, ಅಂಕೋಲಾಗಳಲ್ಲಿ ಸಿದ್ದಿಗಳಿದ್ದಾರೆ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ. ದುನಿಯಾ ವಿಜಯ್ ಅವರ ‘ಸಲಗ’ ಚಿತ್ರಕ್ಕೆ ಸಿದ್ದಿ ಕಲಾವಿದರು ಹಾಡಿದ ಹಾಡು ಮೊಬೈಲು ಮೊಬೈಲಿನಲ್ಲಿ ಕುಣಿಯಿತು. ಚರಣ್‌ರಾಜ್ ಸಂಗೀತದ ಆ ಹಾಡಿಗೆ ಕುಣಿದ ನಾವೆಲ್ಲ, ಕೊಂಕಣಿ, ಮರಾಠಿ, ಕನ್ನಡ ಬೆರೆತ ಅವರ ಮಾತನ್ನು ಅವರೇ ವಿವರಿಸುವಂತೆ ಕೇಳಿದ್ದು ಎಷ್ಟು? ದನಿ ಬೇಕು, ದನಿಯ ಒಡೆಯ ಬೇಡ ಎಂಬುದೂ ಪಂಕ್ತಿಭೇದದ ಇನ್ನೊಂದು ರೂಪ.

ಹಾಗಾದರೆ ಬಾಯಿಗೆ ಬಂದದ್ದೆಲ್ಲ ಸರಿಯೇ?

ಅಲ್ಲ. ಹೆಣ್ಣನ್ನು ಸರಕಿನಂತೆ ಕಾಣುವ ಸಾಲು ಯಾರ ಬಾಯಿಂದ ಬಂದರೂ ಕೀಳೇ. ‘ನಾವು ಬಡವರು, ನಮ್ಮ ಭಾಷೆ ಹೀಗೇ’ ಎಂಬ ಸಮಜಾಯಿಷಿ ಆ ಹಾಡು ಕೇಳುತ್ತ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹುಡುಗಿಗೆ ಉಪಯೋಗಕ್ಕೆ ಬರುವುದಿಲ್ಲ. ಅವಳೂ ಅದೇ ಬಡವರ ಮನೆಯವಳು.

ಕಪ್ಪು ಸ್ತ್ರೀವಾದಿ ಚಿಂತಕಿ ಬೆಲ್ ಹುಕ್ಸ್ 1994ರಲ್ಲಿ ಈ ಗಂಟನ್ನು ಬಿಡಿಸಿದ ರೀತಿ ನೋಡಬೇಕು. ಗ್ಯಾಂಗ್‌ಸ್ಟಾ ರಾಪಿನ ಸ್ತ್ರೀದ್ವೇಷವನ್ನು ಅವರು ಸಮರ್ಥಿಸಲಿಲ್ಲ. ಆದರೆ ಅದು ಕಪ್ಪು ಹುಡುಗರು ಸ್ವಂತ ಸಂಶೋಧಿಸಿದ ರೋಗವಲ್ಲ, ಅದನ್ನು ಕೊಂಡು ಮಾರುವ ಇಡೀ ಸಮಾಜದ ಮೌಲ್ಯ ಎಂದರು. ಹೆಣ್ಣಿನ ಮೇಲಿನ ದಬ್ಬಾಳಿಕೆಯನ್ನು ಸುಂದರವಾಗಿ ತೋರಿಸಿದ ‘ದಿ ಪಿಯಾನೊ’ ಸಿನಿಮಾವನ್ನು ಹೊಗಳಿದವರೇ ರಾಪರ್‌ಗಳಿಗೆ ನೀತಿ ಹೇಳುವುದನ್ನು ಬಯಲಿಗೆಳೆದರು. 2007ರಲ್ಲಿ ಡಾನ್ ಐಮಸ್ ಎಂಬ ಬಿಳಿಯ ರೇಡಿಯೊ ನಿರೂಪಕ ಕಪ್ಪು ಆಟಗಾರ್ತಿಯರ ತಂಡವನ್ನು ನೀಚ ಪದದಿಂದ ಕರೆದಾಗ ಹುಕ್ಸ್ ಮಾತು ಮತ್ತೆ ನಿಜವಾಯಿತು. ಐಮಸ್ ಕೆಲಸ ಕಳೆದುಕೊಂಡನೇನೋ ಸರಿ. ಆದರೆ ಕೆಲವೇ ದಿನಗಳಲ್ಲಿ ಚರ್ಚೆ ‘ಇಂಥ ಪದಗಳನ್ನು ಕಲಿಸಿದ ಹಿಪ್‌ಹಾಪ್’ ಕಡೆಗೆ ಹೊರಳಿತು. ಅವನು ಅದೇ ವರ್ಷದ ಡಿಸೆಂಬರ್‌ನಲ್ಲಿ ಬೇರೆ ಕೇಂದ್ರದ ಮೈಕಿನ ಮುಂದೆ ಕೂತಿದ್ದ.

ನ್ಯಾಯವಾದ ಟೀಕೆ ಹೇಗಿರುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. 2020ರ ಆಗಸ್ಟ್‌ನಲ್ಲಿ ರಾಪರ್ ಚಂದನ್ ಶೆಟ್ಟಿ ಮಲೆಮಹದೇಶ್ವರನ ಜನಪದ ಹಾಡನ್ನು ಹೊಸ ಧಾಟಿಯಲ್ಲಿ ಚಿತ್ರೀಕರಿಸಿದಾಗ ಆಕ್ಷೇಪ ಎತ್ತಿದವರು ಆ ದೇವರ ಒಕ್ಕಲಿನವರೇ. ಆ ಹಾಡಿನ ಸಂಕಮ್ಮನನ್ನು ತೋರಿಸಿದ ರೀತಿಯಿಂದ ನಮಗೆ ನೋವಾಗಿದೆ ಎಂದು ಬಿಡಿಸಿ ಹೇಳಿದರು. ಕಲಾವಿದ ಕ್ಷಮೆ ಕೇಳಿದರು, ವಿಡಿಯೊ ಹಿಂದಕ್ಕೆ ಹೋಯಿತು. ಆ ಆಕ್ಷೇಪವನ್ನು ಒಪ್ಪಬಹುದು, ಬಿಡಬಹುದು. ಯಾರಿಗೆ, ಏಕೆ ನೋವಾಯಿತು ಎಂಬುದು ಅದರಲ್ಲಿ ಸ್ಪಷ್ಟವಿತ್ತು. ‘ಸಂಸ್ಕೃತಿ’ ಎಂಬ ಮುಸುಕಿನ ಹಿಂದೆ ಯಾರೂ ಅಡಗಿರಲಿಲ್ಲ.

ವಿಮರ್ಶೆ ಕೇಳಬೇಕಾದ ಪ್ರಶ್ನೆಗಳು ಇಂಥವೇ. ಈ ಒರಟು ಮಾತು ತಾಗುತ್ತಿರುವುದು ಬಲವಿದ್ದವರಿಗೋ ಇಲ್ಲದವರಿಗೋ? ಇದೇ ಮಾತನ್ನು ಕಳೆದ ವಾರ ಸಿನಿಮಾ ನಾಯಕ ಆಡಿದಾಗ ನಾವೇನು ಬರೆದೆವು? ಹಾಡಿದವನಿಗೆ ಉತ್ತರ ಹೇಳಲು ಎಷ್ಟು ಜಾಗ ಕೊಟ್ಟೆವು? ಹರದೇಶಿ–ನಾಗೇಶಿಯ ಕಟ್ಟೆಯಲ್ಲಿ ಈ ಮೂರಕ್ಕೂ ವ್ಯವಸ್ಥೆ ಇತ್ತು. ಗಂಡಸರ ಮೇಳ ಎಷ್ಟೇ ಸೊಕ್ಕಿನಿಂದ ಹಾಡಲಿ, ಅದನ್ನು ನಿಲ್ಲಿಸಲು ಯಾರೂ ಪೊಲೀಸರನ್ನು ಕರೆಯುತ್ತಿರಲಿಲ್ಲ; ಹೆಂಗಸರ ಮೇಳಕ್ಕೆ ಅಷ್ಟೇ ಹೊತ್ತು, ಅಷ್ಟೇ ಬೆಳಕು, ಅಷ್ಟೇ ಜನ ಸಿಗುತ್ತಿದ್ದರು. ಇಂದಿನ ಪುರವಣಿಗಳು, ಚಾನೆಲ್‌ಗಳು ಅಶ್ಲೀಲ ಎಂದು ಷರಾ ಬರೆಯುವ ಬದಲು ಆ ನಾಗೇಶಿಯವರಿಗೆ, ಅಂದರೆ ಹಾಡು ಯಾರನ್ನು ಚುಚ್ಚಿತೋ ಅವರಿಗೂ, ಹಾಡು ಕಟ್ಟಿದ ಹುಡುಗನಿಗೂ ಸಮ ಜಾಗ ಕೊಡಲಿ. ಆಗ ಕೆಲವು ಹಾಡುಗಳು ತಾವಾಗಿಯೇ ಮೂಲೆ ಸೇರುತ್ತವೆ, ಕೆಲವು ನಾವು ಊಹಿಸದಷ್ಟು ಎತ್ತರಕ್ಕೆ ಬೆಳೆಯುತ್ತವೆ. ಎರಡನ್ನೂ ತೀರ್ಮಾನಿಸುವವರು ಕೇಳುವ ಜನ.